‘ನೈಟ್’ ಅಂದರೆ ‘ಎನ್’ ಸೇರಿಸಿದ ಎಂಟೇ?

ಪ್ರಶ್ನೆ: ಮೇಡಂ, ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ನಮ್ಮ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು. ಹಲವು ಭಾಷೆಗಳಲ್ಲಿ ರಾತ್ರಿಯ ಪದ ಅಂದರೆ ‘ಎನ್’ ಅಕ್ಷರದ ಜೊತೆ ‘ಎಂಟು’ ಸೇರಿಸಿದ್ದು ಅಂತ ಅದರಲ್ಲಿದೆ. ಇಂಗ್ಲಿಷಿನಲ್ಲಿ ನೈಟ್, ಏಯ್ಟ್. ಜರ್ಮನ್‌ನಲ್ಲಿ ನಾಖ್ಟ್, ಆಖ್ಟ್. ಸ್ಪ್ಯಾನಿಷ್‌ನಲ್ಲಿ ನೋಚೆ, ಓಚೊ. ಇಟಾಲಿಯನ್‌ನಲ್ಲಿ ನೊತ್ತೆ, ಒತ್ತೊ. ಹೀಗೆ ಫ್ರೆಂಚ್, ಪೋರ್ಚುಗೀಸ್ ಕೂಡ. ಗಣಿತದಲ್ಲಿ ‘ಎನ್’ ಅನಂತದ ಗುರುತು, 8 ಅನ್ನು ಅಡ್ಡ ಮಲಗಿಸಿದರೂ ಅನಂತ, ಹಾಗಾಗಿ ರಾತ್ರಿ ಅಂದರೆ ಅನಂತದಲ್ಲಿ ಒಂದಾಗುವ ಹೊತ್ತು ಅಂತ ವಿವರಣೆ. ನನಗೆ ತುಂಬಾ ಇಷ್ಟವಾಗಿ ತರಗತಿಗೆ ಚಾರ್ಟ್ ಬರೆದಿಟ್ಟೆ. ಒಬ್ಬ ಹುಡುಗಿ ನೋಡಿ, ‘ಮಿಸ್, ಇರುಳಿಗೂ ಎಂಟಕ್ಕೂ ಸಂಬಂಧವೇ ಇಲ್ವಲ್ಲ, ಕನ್ನಡದಲ್ಲಿ ಯಾಕೆ ಹೀಗಿಲ್ಲ?’ ಅಂದಳು. ನನ್ನ ಸಹೋದ್ಯೋಗಿಯೊಬ್ಬರು ‘ಇವೆಲ್ಲಾ ರಾತ್ರಿ ಎಂಬ ಅರ್ಥದ ಸಂಸ್ಕೃತದ ನಕ್ತದಿಂದ ಹುಟ್ಟಿದವು, ಇರುಳು ಕೂಡ ರಾತ್ರಿಯ ಅಪಭ್ರಂಶ’ ಅನ್ನುತ್ತಾರೆ. ಯಾವುದು ನಿಜ? ಚಾರ್ಟ್ ಹಾಕಲೋ ಬೇಡವೋ?

ಉತ್ತರ: ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಪಟ್ಟಿ ಕಣ್ಣಮುಂದೆ ಇದೆ, ಪದಗಳು ನಿಜವಾಗಿಯೂ ಹೋಲುತ್ತಿವೆ, ಆದರೂ ಏನೋ ಸರಿಯಿಲ್ಲ ಅನ್ನಿಸುತ್ತಿದೆ. ಭಾಷೆಗಳ ಇತಿಹಾಸ ಕಲಿಸುವ ನನ್ನ ತರಗತಿಗೂ ವಿದ್ಯಾರ್ಥಿಗಳು ಈ ಪಟ್ಟಿಯನ್ನು ಹಿಡಿದುಕೊಂಡು ಬರುತ್ತಾರೆ. ಅವರಿಗೆ ಮೊದಲು ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಪಟ್ಟಿಯಲ್ಲಿರುವ ಪದಗಳು ಸುಳ್ಳಲ್ಲ. ಅವುಗಳ ನಡುವಿನ ಹೋಲಿಕೆಯೂ ಸುಳ್ಳಲ್ಲ. ಅದಕ್ಕೆ ಕೊಟ್ಟಿರುವ ಕಾರಣ ಮಾತ್ರ ತಪ್ಪು. ನಿಜವಾದ ಕಾರಣ ಇದಕ್ಕಿಂತ ಚೆನ್ನಾಗಿದೆ.

ಅನಂತದ ಮಾತನ್ನು ಬೇಗ ಮುಗಿಸಿಬಿಡೋಣ. ಮಲಗಿಸಿದ 8ರಂತಿರುವ ಚಿಹ್ನೆಯನ್ನು ಅನಂತಕ್ಕೆ ಬಳಸಲು ಶುರು ಮಾಡಿದ್ದು ಇಂಗ್ಲೆಂಡಿನ ಗಣಿತಜ್ಞ ಜಾನ್ ವಾಲಿಸ್, 1655ರಲ್ಲಿ. 8 ಎಂಬ ಅಂಕಿಯಾದರೂ ಯುರೋಪಿನದಲ್ಲ. ಭಾರತದಲ್ಲಿ ಹುಟ್ಟಿದ ಅಂಕಿಗಳು ಅರಬ್ಬರ ಮೂಲಕ ಅಲ್ಲಿಗೆ ಹೋದವು. ಇಟಲಿಯ ಗಣಿತಜ್ಞ ಫಿಬೊನಾಚಿ ಅವುಗಳ ಲೆಕ್ಕದ ಪುಸ್ತಕ ಬರೆದದ್ದು 1202ರಲ್ಲಿ. ಅದಕ್ಕೂ ಸಾವಿರಕ್ಕಿಂತ ಹೆಚ್ಚು ವರ್ಷ ಮೊದಲೇ ರೋಮನ್ನರು ರಾತ್ರಿಗೆ ‘ನೊಕ್ಸ್’ ಅನ್ನುತ್ತಿದ್ದರು, ಎಂಟಕ್ಕೆ ‘ಒಕ್ತೋ’ ಅನ್ನುತ್ತಿದ್ದರು. ಆ ಎಂಟನ್ನು ಅವರು ಬರೆಯುತ್ತಿದ್ದದ್ದು ಐದರ ಗುರುತಿನ ಪಕ್ಕ ಮೂರು ಗೀಟು ಹಾಕಿ. ಅದನ್ನು ಎಷ್ಟು ಮಲಗಿಸಿದರೂ ಅನಂತದ ಆಕಾರ ಬರುವುದಿಲ್ಲ. ಇನ್ನು ಗಣಿತದಲ್ಲಿ ‘ಎನ್’ ಅನ್ನು ಸಾಮಾನ್ಯವಾಗಿ ಬಳಸುವುದು 1, 2, 3ರಂಥ ಯಾವುದೋ ಒಂದು ಎಣಿಕೆಯ ಸಂಖ್ಯೆಗೆ. ಅದು ಅನಂತದ ಗುರುತಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಜನ ಮಾತಾಡುವುದು ಸದ್ದುಗಳಿಂದ, ಅಕ್ಷರದ ಆಕಾರದಿಂದ ಅಲ್ಲ. ಓದು ಬರಹ ಬರದವರ ಬಾಯಲ್ಲೂ ರಾತ್ರಿಯ ಪದ ಇದ್ದೇ ಇತ್ತು.

ಈಗ ಕೂಡುವ ಲೆಕ್ಕವನ್ನೇ ನೋಡಿ. ‘ಎನ್’ ಜೊತೆ ಎಂಟು ಸೇರಿದರೆ ರಾತ್ರಿ ಅನ್ನುವುದು ನಿಯಮವಾಗಿದ್ದರೆ, ಇಟಾಲಿಯನ್‌ನಲ್ಲಿ ‘ನೊತ್ತೊ’ ಆಗಬೇಕಿತ್ತು, ಇರುವುದು ‘ನೊತ್ತೆ’. ಸ್ಪ್ಯಾನಿಷ್‌ನಲ್ಲಿ ‘ನೋಚೊ’ ಆಗಬೇಕಿತ್ತು, ಇರುವುದು ‘ನೋಚೆ’. ಇಂಗ್ಲಿಷಿನಲ್ಲಿ ‘ನೇಯ್ಟ್’ ಆಗಬೇಕಿತ್ತು. ನೈಟ್, ಏಯ್ಟ್ ಎರಡನ್ನೂ ಒಮ್ಮೆ ಜೋರಾಗಿ ಹೇಳಿ ನೋಡಿ. ಅವು ಈಗ ಪ್ರಾಸವೇ ಅಲ್ಲ, ಅಲ್ವಾ? ಬರಹದಲ್ಲಿ ಒಂದೇ ಥರ ಕಾಣುತ್ತವೆ ಅಷ್ಟೆ. ಲೆಕ್ಕ ಸರಿಯಾಗಿ ಕೂಡುವುದು ಜರ್ಮನ್, ಡಚ್‌ನಂಥ ಕೆಲವೇ ಭಾಷೆಗಳಲ್ಲಿ. ಅವುಗಳ ಪಕ್ಕದ ಸ್ವೀಡಿಷ್‌ನಲ್ಲಿ ರಾತ್ರಿ ‘ನತ್’, ಎಂಟು ‘ಓತ್ತ’. ಅಲ್ಲಿಗೆ ಲೆಕ್ಕ ತಪ್ಪಿತು. ಯುರೋಪಿನಲ್ಲೇ ಇದ್ದರೂ ಬೇರೆ ಕುಟುಂಬಗಳಿಗೆ ಸೇರಿದ ಭಾಷೆಗಳಿಗೆ ಹೋದರೆ ಹೋಲಿಕೆಯ ಗಂಧವೂ ಇಲ್ಲ. ಬಾಸ್ಕ್ ಭಾಷೆಯಲ್ಲಿ ರಾತ್ರಿ ‘ಗೌ’, ಎಂಟು ‘ಸೊರ್ತ್ಸಿ’. ಫಿನ್ನಿಷ್‌ನಲ್ಲಿ ರಾತ್ರಿ ‘ಯೊ’, ಎಂಟು ‘ಕಹ್‌ದೆಕ್ಸಾನ್’. ಇಂಥ ಸಂದೇಶಗಳಲ್ಲಿ ಹೊಂದುವ ಭಾಷೆಗಳನ್ನಷ್ಟೇ ಆರಿಸಿ ಬರೆದಿರುತ್ತಾರೆ. ಹೊಂದದವು ಪಟ್ಟಿಗೆ ಬರುವುದೇ ಇಲ್ಲ.

ಹಾಗಾದರೆ ಅಷ್ಟೊಂದು ಭಾಷೆಗಳಲ್ಲಿ ಹೋಲಿಕೆ ಯಾಕೆ ಬಂತು? ಇಲ್ಲಿ ಸ್ವಲ್ಪ ನಿಧಾನವಾಗಿ ನನ್ನ ಜೊತೆ ಬನ್ನಿ.

ನಿಮ್ಮ ಪಟ್ಟಿಯಲ್ಲಿರುವ ಭಾಷೆಗಳೆಲ್ಲಾ ಒಂದೇ ಕುಟುಂಬದವು. ಅದಕ್ಕೆ ಇಂಡೋ-ಯುರೋಪಿಯನ್ ಅನ್ನುತ್ತಾರೆ. ಗ್ರೀಕ್, ರಷ್ಯನ್, ಪರ್ಷಿಯನ್, ಸಂಸ್ಕೃತ ಕೂಡ ಅದರಲ್ಲೇ ಬರುತ್ತವೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು, ಆ ಮೂಲ ಈಗ ಬಹುಶಃ ಉಳಿದಿಲ್ಲ ಅಂತ ಬ್ರಿಟಿಷ್ ನ್ಯಾಯಾಧೀಶ, ಭಾಷಾ ವಿದ್ವಾಂಸ ವಿಲಿಯಂ ಜೋನ್ಸ್ ಕಲ್ಕತ್ತಾದಲ್ಲಿ ಹೇಳಿದ್ದು 1786ರಲ್ಲಿ. ಆ ಮೂಲ ಭಾಷೆಯ ಬರಹ ಏನೂ ಸಿಕ್ಕಿಲ್ಲ. ಆದರೆ ಮಕ್ಕಳ ಭಾಷೆಗಳನ್ನು ಹೋಲಿಸಿ ಅದರ ಪದಗಳನ್ನು ಮರಳಿ ಕಟ್ಟಲು ಸಾಧ್ಯವಾಗಿದೆ. ಹಾಗೆ ಕಟ್ಟಿದ ರಾತ್ರಿಯ ಪದ ಸುಮಾರಾಗಿ ‘ನೊಕ್ವ್‌ತ್ಸ್’. ಎಂಟರ ಪದ ಸುಮಾರಾಗಿ ‘ಒಕ್ಯ್‌ತೋ’.

ಎರಡರ ನಡುವೆಯೂ ‘ಕ’ ಇದೆ, ಆದರೆ ಅದು ಒಂದೇ ‘ಕ’ ಅಲ್ಲ. ರಾತ್ರಿಯ ಪದದಲ್ಲಿರುವುದು ತುಟಿ ದುಂಡಗೆ ಮಾಡಿ ಹೇಳುವ ‘ಕ್ವ’. ಎಂಟರ ಪದದಲ್ಲಿರುವುದು ನಾಲಿಗೆಯನ್ನು ಅಂಗುಳಿನ ಮುಂಭಾಗಕ್ಕೆ ತಂದು ಹೇಳುವ ‘ಕ್ಯ’. ಮೂಲದಲ್ಲಿ ಇವು ಎರಡು ಬೇರೆ ಬೇರೆ ಸದ್ದುಗಳು, ಎರಡು ಬೇರೆ ಬೇರೆ ಪದಗಳು.

ಲ್ಯಾಟಿನ್, ಗ್ರೀಕ್, ಜರ್ಮನ್ ಕಡೆಯ ಭಾಷೆಗಳಲ್ಲಿ ‘ತ’ಕಾರದ ಮುಂದೆ ಈ ಎರಡು ‘ಕ’ಗಳ ವ್ಯತ್ಯಾಸ ಅಳಿಸಿಹೋಯಿತು. ಎರಡೂ ಪದಗಳ ಮಧ್ಯೆ ‘ಕ್ತ’ ಅನ್ನುವ ಒಂದೇ ಜೋಡಿ ಉಳಿಯಿತು. ರೋಮನ್ನರ ಭಾಷೆಯಾದ ಲ್ಯಾಟಿನ್‌ನಲ್ಲಿ ‘ನೊಕ್ತ್-’ (‘ನೊಕ್ಸ್’ ಪದಕ್ಕೆ ಪ್ರತ್ಯಯ ಸೇರುವಾಗಿನ ರೂಪ), ‘ಒಕ್ತೋ’. ಗ್ರೀಕ್‌ನಲ್ಲಿ ‘ನ್ಯುಕ್ತ್-’, ‘ಒಕ್ತೋ’. ಪ್ರಾಸ ಹುಟ್ಟಿದ್ದು ಇಲ್ಲಿ. ಸಂಸ್ಕೃತದ ಕಡೆ ಬೇರೆ ಥರ ಆಯಿತು. ಅಲ್ಲಿ ‘ಕ್ವ’ ಬರೀ ‘ಕ’ ಆಯಿತು, ‘ಕ್ಯ’ ಮಾತ್ರ ಸಕಾರದ ಗುಂಪಿಗೆ ಸೇರಿಕೊಂಡಿತು. ಹಾಗಾಗಿ ರಾತ್ರಿ ‘ನಕ್ತ’, ಎಂಟು ‘ಅಷ್ಟ’. ನಿಮ್ಮ ಸಂದೇಶದ ಸಿದ್ಧಾಂತ ಮುರಿದು ಬೀಳುವುದು ಇಲ್ಲೇ. ಸಂಸ್ಕೃತ ಅದೇ ಕುಟುಂಬದ ಹಳೆಯ ಭಾಷೆ, ಅದೇ ಎರಡು ಪದಗಳು ಅದರಲ್ಲೂ ಇವೆ, ಆದರೆ ‘ನ್’ ಮತ್ತು ‘ಅಷ್ಟ’ ಸೇರಿಸಿದರೆ ‘ನಷ್ಟ’ ಆಗುತ್ತದೆ, ‘ನಕ್ತ’ ಆಗುವುದಿಲ್ಲ. ಲಿಥುವೇನಿಯನ್‌ನಲ್ಲೂ ಹೀಗೇ: ‘ನಕ್ತಿಸ್’, ‘ಅಶ್ತುವೊನಿ’. ರಷ್ಯನ್‌ನಲ್ಲಿ ‘ನೋಚ್’, ‘ವೋಸೆಮ್’. ಅಷ್ಟಾಧ್ಯಾಯಿ, ಅಷ್ಟಮಿ ಅನ್ನುವ ಪದಗಳನ್ನು ಬಲ್ಲ ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ಪುರಾವೆ ಬೇಡ.

ಮುಂದಿನದು ‘ಕ್ತ’ದ ಕಥೆ. ಲ್ಯಾಟಿನ್ ಮುಂದೆ ಹಲವು ಭಾಷೆಗಳಾಗಿ ಕವಲೊಡೆದಾಗ, ಒಂದೊಂದು ಭಾಷೆಯೂ ಈ ಜೋಡಿಯನ್ನು ತನ್ನದೇ ರೀತಿಯಲ್ಲಿ ಬದಲಿಸಿತು. ಇಟಾಲಿಯನ್ ‘ತ್ತ’ ಮಾಡಿತು. ಸ್ಪ್ಯಾನಿಷ್ ‘ಚ’ ಮಾಡಿತು. ಪೋರ್ಚುಗೀಸ್ ‘ಯ್ತ’ ಮಾಡಿತು. ರೊಮೇನಿಯನ್ ‘ಪ್ತ’ ಮಾಡಿತು. ಒಮ್ಮೆ ಬದಲಾವಣೆ ಶುರುವಾದರೆ ಅದು ಒಂದೆರಡು ಪದಕ್ಕೆ ನಿಲ್ಲುವುದಿಲ್ಲ, ಆ ಜೋಡಿ ಇರುವ ಪದಗಳನ್ನೆಲ್ಲಾ ಹಿಡಿಯುತ್ತದೆ. ಹಾಲಿಗೆ ಲ್ಯಾಟಿನ್‌ನಲ್ಲಿ ‘ಲಕ್ತ್-’ ಅನ್ನುವ ಪದವಿತ್ತು. ಅದು ಇಟಾಲಿಯನ್‌ನಲ್ಲಿ ‘ಲಾತ್ತೆ’, ಸ್ಪ್ಯಾನಿಷ್‌ನಲ್ಲಿ ‘ಲೆಚೆ’, ಪೋರ್ಚುಗೀಸ್‌ನಲ್ಲಿ ‘ಲೆಯ್ತೆ’, ರೊಮೇನಿಯನ್‌ನಲ್ಲಿ ‘ಲಾಪ್ತೆ’. ಈಗ ಇದನ್ನು ರಾತ್ರಿ, ಎಂಟರ ಪಕ್ಕ ಇಟ್ಟು ನೋಡಿ. ನೊತ್ತೆ, ಒತ್ತೊ, ಲಾತ್ತೆ. ನೋಚೆ, ಓಚೊ, ಲೆಚೆ. ಹಾಲೂ ಎಂಟಕ್ಕೆ ಅಷ್ಟೇ ಹೋಲುತ್ತದೆ. ಹಾಗಂತ ಹಾಲಿನಲ್ಲಿ ಎಂಟು ಇದೆ ಅಂತ ಯಾರೂ ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ನೈಟ್, ಲೈಟ್, ರೈಟ್, ಮೈಟ್ ಎಲ್ಲದರಲ್ಲೂ ‘ಜಿ’, ‘ಎಚ್’ ಅಕ್ಷರಗಳು ಸುಮ್ನೆ ಕೂತಿವೆಯಲ್ಲ, ಅವೂ ಹಿಂದೆ ಗಂಟಲಿನಿಂದ ಹೇಳುತ್ತಿದ್ದ ಒಂದು ಸದ್ದಿನ ಗುರುತು. ಹಳೆಯ ಇಂಗ್ಲಿಷಿನಲ್ಲಿ ರಾತ್ರಿ ‘ನಿಹ್ತ್’ ಆಗಿತ್ತು. ಸದ್ದು ಹೋಯಿತು, ಬರಹದಲ್ಲಿ ಅಕ್ಷರ ಉಳಿಯಿತು. ಕಾಗುಣಿತ ತಪ್ಪು ಮಾಡುವ ನಿಮ್ಮ ಮಕ್ಕಳಿಗೆ ಇದನ್ನು ಹೇಳಿದರೆ ಖಂಡಿತ ಇಷ್ಟಪಡುತ್ತಾರೆ.

ಇಷ್ಟು ಕ್ರಮವಾಗಿ ಸದ್ದು ಬದಲಾಗುತ್ತದಾ ಅಂತ ಅನುಮಾನ ಬಂದರೆ ಕನ್ನಡವನ್ನೇ ನೋಡಿ. ಹಳಗನ್ನಡದ ಪಾಲ್, ಪೂ, ಪುಲಿ, ಪಲ್ ಈಗ ಹಾಲು, ಹೂ, ಹುಲಿ, ಹಲ್ಲು. ತಮಿಳಿನಲ್ಲಿ ಇವತ್ತಿಗೂ ಪಾಲ್, ಪೂ, ಪುಲಿ, ಪಲ್. ಸುಮಾರು 10ನೇ ಶತಮಾನದಿಂದ ಮುಂದೆ ಕನ್ನಡದಲ್ಲಿ ಪದದ ಮೊದಲಿನ ‘ಪ’ ಸಾಲಾಗಿ ‘ಹ’ ಆಗುತ್ತಾ ಬಂತು. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ನಂಟನ್ನು ತೋರಿಸುವುದು ಪದಗಳು ಒಂದೇ ಥರ ಕಾಣುವುದಲ್ಲ, ಅವು ಒಂದೇ ಕ್ರಮದಲ್ಲಿ ಬೇರೆಯಾಗಿರುವುದು. ನಾವು ಹೋಲಿಕೆಗಿಂತ ಜಾಸ್ತಿ ಈ ಕ್ರಮವನ್ನೇ ಹುಡುಕುತ್ತೇವೆ.

ನಿಮ್ಮ ಸಹೋದ್ಯೋಗಿಯ ಮಾತಿಗೆ ಬರೋಣ. ಅವರು ಅರ್ಧ ಸರಿ. ನಕ್ತಕ್ಕೂ ನೈಟ್‌ಗೂ ನಂಟು ಖಂಡಿತ ಇದೆ. ಆದರೆ ಅದು ತಾಯಿ-ಮಗಳ ನಂಟಲ್ಲ, ದೂರದ ಅಕ್ಕತಂಗಿಯರದ್ದು. ಇದನ್ನು ಸ್ವರಗಳಿಂದ ತಿಳಿಯಬಹುದು. ಸಂಸ್ಕೃತದ ಅಷ್ಟ, ದಶ, ಅಜ್ರ (ಅಂದರೆ ಹೊಲ) ಮೂರರಲ್ಲೂ ಮೊದಲ ಸ್ವರ ‘ಅ’. ಅದೇ ಪದಗಳು ಲ್ಯಾಟಿನ್‌ನಲ್ಲಿ ‘ಒಕ್ತೋ’, ‘ದೆಕೆಮ್’, ‘ಅಗೆರ್’. ಅಲ್ಲಿ ಒ, ಎ, ಅ ಬೇರೆ ಬೇರೆ ಇವೆ. ಗ್ರೀಕ್‌ನಲ್ಲೂ ಅದೇ ಒ, ಎ, ಅ. ಮೂರು ಸ್ವರ ಸೇರಿ ಒಂದಾಗುವುದು ಸುಲಭ. ಒಂದೇ ‘ಅ’ ಇಬ್ಬರ ಬಾಯಲ್ಲೂ ಅದೇ ಪದಗಳಲ್ಲಿ ಅದೇ ರೀತಿ ಮೂರಾಗಿ ಒಡೆಯುವುದು ಸಾಧ್ಯವಿಲ್ಲ. ಹಾಗಾಗಿ ಈ ವಿಷಯದಲ್ಲಿ ಬದಲಾಗಿದ್ದು ಸಂಸ್ಕೃತ. ಎಂಟರ ‘ಕ’ ಉಳಿಸಿಕೊಂಡದ್ದೂ ಲ್ಯಾಟಿನ್, ಗ್ರೀಕ್. ಬೇರೆ ಹಲವು ವಿಷಯಗಳಲ್ಲಿ ಸಂಸ್ಕೃತ ಹಳೆಯದನ್ನು ಚೆನ್ನಾಗಿ ಕಾಪಾಡಿದೆ, ಲ್ಯಾಟಿನ್ ಕಳೆದುಕೊಂಡಿದೆ. ತಾಯಿ ಇಬ್ಬರಿಗೂ ಹಿಂದೆ ಇದ್ದವಳು. ಈಗಿನ ಟರ್ಕಿಯ ನೆಲದಲ್ಲಿ ಮೂರು ಸಾವಿರ ವರ್ಷಕ್ಕೂ ಹಿಂದೆ ಹಿಟ್ಟೈಟ್ ಅನ್ನುವ ಭಾಷೆ ಇತ್ತು. ಮಣ್ಣಿನ ಫಲಕಗಳಲ್ಲಿದ್ದ ಆ ಭಾಷೆ ಇದೇ ಕುಟುಂಬದ್ದು ಅಂತ ಚೆಕ್ ವಿದ್ವಾಂಸ ಬೆಡ್ರಿಖ್ ಹ್ರೋಜ್ನಿ 1915ರಲ್ಲಿ ತೋರಿಸಿದರು. ಅದರಲ್ಲೂ ರಾತ್ರಿಯ ಈ ಪದ ‘ನೆಕುತ್ಸ್’ ಅನ್ನುವ ರೂಪದಲ್ಲಿದೆ. ಅಲ್ಲಿ ಅದಕ್ಕೆ ಸಂಜೆ ಅನ್ನುವ ಅರ್ಥ. ಮೂಲದ ‘ಕ್ವ’ದ ದುಂಡು ತುಟಿಯ ಗುರುತು ಅದರ ‘ಕು’ದಲ್ಲಿ ಇನ್ನೂ ಕಾಣುತ್ತದೆ. ನನಗೆ ಈ ಒಂದು ಪದ ಯಾವಾಗಲೂ ರೋಮಾಂಚನ ಕೊಡುತ್ತದೆ.

ಆದರೆ ಇರುಳು ರಾತ್ರಿಯ ಅಪಭ್ರಂಶ ಅನ್ನುವುದು ಪೂರ್ತಿ ತಪ್ಪು. ಇರುಳು ದ್ರಾವಿಡ ಪದ. ತಮಿಳು, ಮಲಯಾಳದಲ್ಲಿ ‘ಇರುಳ್’ ಅಂದರೆ ಕತ್ತಲೆ, ‘ಇರವು’ ಅಂದರೆ ರಾತ್ರಿ. ತುಳುವಿನಲ್ಲಿ ‘ಇರ್ಲ್’. ಹಳಗನ್ನಡದಲ್ಲಿ ‘ಇರುಳ್’. ಸಂಸ್ಕೃತದ ರಾತ್ರಿ ತಮಿಳಿಗೆ ಬಂದು ಅಲ್ಲಿನ ಬಾಯಿಗೆ ಒಗ್ಗಿದಾಗ ಏನಾಯಿತು ಗೊತ್ತಾ? ‘ಇರಾತ್ತಿರಿ’ ಆಯಿತು. ‘ತ’ಕಾರ, ಕೊನೆಯ ‘ರಿ’ ಎರಡೂ ಉಳಿದವು. ‘ಇರುಳ್’ ಅಲ್ಲಿ ಅದರ ಪಕ್ಕದಲ್ಲೇ ಬೇರೆ ಪದವಾಗಿ ಬದುಕಿದೆ. ಒಂದರಿಂದ ಇನ್ನೊಂದು ಹುಟ್ಟಿದ್ದರೆ ಹೀಗೆ ಆಗುತ್ತಿರಲಿಲ್ಲ. ಗೊಂದಲ ಆಗುವುದಕ್ಕೂ ಕಾರಣವಿದೆ. ಮಲಯಾಳದಲ್ಲಿ ರಾತ್ರಿಗೆ ‘ರಾವ್’ ಅನ್ನುವ ಪದವಿದೆ, ತೆಲುಗಿನಲ್ಲಿ ‘ರೇಯಿ’ ಇದೆ. ನೋಡಿದ ತಕ್ಷಣ ರಾತ್ರಿಯ ತುಂಡು ಅನ್ನಿಸುತ್ತದೆ. ಆದರೆ ಇವೂ ಆ ‘ಇರ್’ ಮೂಲದವೇ, ಮೊದಲಿನ ‘ಇ’ ಉದುರಿದೆ.

ಹಾಗಾಗಿ ನಿಮ್ಮ ವಿದ್ಯಾರ್ಥಿನಿಗೆ ಉತ್ತರ ಇದು: ಕನ್ನಡ ಆ ಕುಟುಂಬದ ಭಾಷೆ ಅಲ್ಲ, ಆ ಎರಡು ಹಳೆಯ ಪದಗಳು ಕನ್ನಡಕ್ಕೆ ಪರಂಪರೆಯಾಗಿ ಬಂದಿಲ್ಲ. ಕನ್ನಡದಲ್ಲಿ ಏನೋ ಕೊರತೆ ಇದೆ ಅಂತ ಅವಳು ಅಂದುಕೊಳ್ಳದಂತೆ ನೋಡಿಕೊಳ್ಳಿ. ರಾತ್ರಿಗೆ ಕನ್ನಡದಲ್ಲಿ ಎಷ್ಟು ಪದ ನೋಡಿ. ಮನೆಯದೇ ಆದ ಇರುಳು, ಅದರಿಂದ ನಟ್ಟಿರುಳು, ಕಾರಿರುಳು, ಹಗಲಿರುಳು. ದಿನಬಳಕೆಗೆ ರಾತ್ರಿ. ಕಾವ್ಯಕ್ಕೆ ನಿಶೆ, ರಜನಿ, ಯಾಮಿನಿ. ಕೆಲಸದ ಮಾತಿಗೆ ನೈಟ್ ಶಿಫ್ಟ್, ನೈಟ್ ಬಸ್. ಹಳೆಯ ಕಥೆಗಳಲ್ಲಿ ರಾಕ್ಷಸರನ್ನು ‘ನಕ್ತಂಚರ’ ಅನ್ನುತ್ತಾರಲ್ಲ, ಆ ನಕ್ತವೂ ನೈಟ್ ಶಿಫ್ಟಿನ ನೈಟೂ ಒಂದೇ ಮೂಲದವು. ಎರಡೂ ಬೇರೆ ಬೇರೆ ದಾರಿಯಲ್ಲಿ ಬಂದು ಕನ್ನಡದಲ್ಲಿ ಸೇರಿವೆ.

ಅವಳು ಜಾಣೆ, ಮುಂದೆ ಇನ್ನೊಂದು ಪ್ರಶ್ನೆ ಕೇಳಬಹುದು. ತಮಿಳಿನ ‘ಎಟ್ಟು’, ಇಂಗ್ಲಿಷಿನ ‘ಏಯ್ಟ್’ ಒಂದೇ ಥರ ಇವೆಯಲ್ಲ ಅಂತ. ಅದು ಬರೀ ಆಕಸ್ಮಿಕ. ಹಿಂದಕ್ಕೆ ಹೋಗಿ ನೋಡಿದರೆ ತಿಳಿಯುತ್ತದೆ. ಏಯ್ಟ್‌ನ ಹಳೆಯ ರೂಪ ‘ಎಅಹ್ತ’, ಅದಕ್ಕೂ ಹಿಂದೆ ‘ಒಕ್ಯ್‌ತೋ’. ಎಟ್ಟಿನ ಕಡೆ ಕನ್ನಡದ ಎಂಟು, ಎಂಬತ್ತು, ತೆಲುಗಿನ ಎನಿಮಿದಿ ನೋಡಿದರೆ ಮೂಲದಲ್ಲಿ ಅನುನಾಸಿಕ ಇತ್ತು ಅಂತ ಗೊತ್ತಾಗುತ್ತದೆ. ಹಿಂದೆ ಹೋದಷ್ಟೂ ಇವು ದೂರವಾಗುತ್ತವೆ. ನಕ್ತ, ನೈಟ್ ಹಿಂದೆ ಹೋದಷ್ಟೂ ಹತ್ತಿರವಾಗುತ್ತವೆ. ಮಕ್ಕಳಿಗೆ ಕೊಡಬಹುದಾದ ಒಳ್ಳೆಯ ಪರೀಕ್ಷೆ ಇದು.

ಪದಕ್ಕೆ ಅರ್ಥ ಹುಡುಕುವ ಆಸೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ನಮ್ಮಲ್ಲೂ ಅದು ಬಹಳ ಹಳೆಯದು. ರಾತ್ರಿ ಎಂಬ ಪದಕ್ಕೆ, ವೇದದ ಪದಗಳ ಮೂಲ ವಿವರಿಸುವ ‘ನಿರುಕ್ತ’ ಬರೆದ ಪ್ರಾಚೀನ ವಿದ್ವಾಂಸ ಯಾಸ್ಕ ಎರಡು ರೀತಿಯ ವಿವರಣೆ ಕೊಟ್ಟಿದ್ದಾನೆ. ಒಂದು, ಇರುಳಲ್ಲಿ ಓಡಾಡುವ ಜೀವಿಗಳಿಗೆ ಸಂತೋಷ ಕೊಟ್ಟು ಉಳಿದವಕ್ಕೆ ವಿಶ್ರಾಂತಿ ಕೊಡುವುದು ಅಂತ. ಇನ್ನೊಂದು, ಕೊಡುವುದು ಎಂಬ ಅರ್ಥದ ‘ರಾ’ ಧಾತುವಿನಿಂದ ಅಂತ. ಇವನ್ನು ರಾತ್ರಿಯ ಬಗ್ಗೆ ಒಬ್ಬ ಚಿಂತಕನ ಮಾತಾಗಿ ಓದಿದರೆ ತುಂಬಾ ಚೆಂದ. ಅನಂತದ ಸಂದೇಶದಲ್ಲೂ ಅಂಥದೇ ಆಸೆ ಇದೆ. ತೊಂದರೆ ಬರುವುದು ಅದನ್ನು ಇತಿಹಾಸ ಅಂತ ಹೇಳಿದಾಗ.

ರಾತ್ರಿಯ ಪದಗಳಲ್ಲಿ ನಿಜವಾದ ಸೊಗಸು ಬೇಕಿದ್ದರೆ ಬೇಕಾದಷ್ಟಿದೆ. ಪರ್ಷಿಯನ್‌ನಲ್ಲಿ ರಾತ್ರಿ ‘ಶಬ್’. ಅದು ಸಂಸ್ಕೃತದಲ್ಲಿ ರಾತ್ರಿಗೇ ಇರುವ ‘ಕ್ಷಪಾ’ ಎಂಬ ಪದದ ನೆಂಟ. ‘ಶಬ್ನಮ್’ ಅಂದರೆ ಇಬ್ಬನಿ, ಬಿಡಿಸಿದರೆ ರಾತ್ರಿಯ ತೇವ. ಅರಬಿಯ ‘ಲೈಲ್’ ಬೇರೆಯೇ ಕುಟುಂಬದ್ದು, ಹೀಬ್ರೂವಿನ ‘ಲೈಲಾ’ ಅದರ ನೆಂಟ. ದಿನಗಳನ್ನು ರಾತ್ರಿಯಿಂದ ಎಣಿಸುವ ಕ್ರಮವೂ ಇತ್ತು. ಜರ್ಮನ್ ಬುಡಕಟ್ಟುಗಳು ಹಗಲನ್ನಲ್ಲ, ರಾತ್ರಿಗಳನ್ನು ಎಣಿಸುತ್ತವೆ ಅಂತ ರೋಮನ್ ಇತಿಹಾಸಕಾರ ಟ್ಯಾಸಿಟಸ್ 1ನೇ ಶತಮಾನದ ಕೊನೆಯಲ್ಲಿ ಬರೆದ. ಎರಡು ವಾರಕ್ಕೆ ಇಂಗ್ಲಿಷಿನಲ್ಲಿ ‘ಫೋರ್ಟ್‌ನೈಟ್’ ಅನ್ನುವುದು ಅದರ ಉಳಿಕೆ, ಅಂದರೆ ಹದಿನಾಲ್ಕು ರಾತ್ರಿ. ಸಂಸ್ಕೃತದಲ್ಲಿ ನವರಾತ್ರ, ದಶರಾತ್ರ ಅನ್ನುವುದೂ ಇದೇ ಎಣಿಕೆ.

ಇನ್ನು ನಿಮ್ಮ ಚಾರ್ಟ್. ಇದ್ದ ಹಾಗೇ ಹಾಕಿದರೆ, ಶಾಲೆಯ ಗೋಡೆ ಮೇಲಿದೆ ಅನ್ನುವ ಕಾರಣಕ್ಕೇ ಮಕ್ಕಳು ನಂಬುತ್ತಾರೆ. ಹೊಂದುವುದನ್ನು ಮಾತ್ರ ಆರಿಸಿಕೊಳ್ಳುವ ಅಭ್ಯಾಸವನ್ನೂ ಕಲಿಯುತ್ತಾರೆ. ನನಗೆ ಎರಡನೆಯದೇ ಹೆಚ್ಚು ಚಿಂತೆ. ಪೂರ್ತಿ ಹರಿದುಹಾಕುವುದೂ ಬೇಡ. ಆ ಪದಗಳು ಮಕ್ಕಳ ಕಣ್ಣು ಅರಳಿಸಿವೆ, ಸುಳ್ಳು ಅಂತ ಒಂದೇ ಮಾತಲ್ಲಿ ತಳ್ಳಿದರೆ ಆ ಕುತೂಹಲವೂ ಹೋಗುತ್ತದೆ. ನನ್ನ ಸಲಹೆ, ಅನಂತದ ಸಾಲುಗಳನ್ನು ಅಳಿಸಿ, ಅದೇ ಪಟ್ಟಿಗೆ ಹಾಲಿನ ಕಾಲಂ ಒಂದನ್ನು ಸೇರಿಸಿ. ಕೆಳಗೆ ಸಂಸ್ಕೃತ, ರಷ್ಯನ್, ಕನ್ನಡ, ತಮಿಳು, ಫಿನ್ನಿಷ್ ಸಾಲುಗಳನ್ನು ಸೇರಿಸಿ. ಯಾವುದು ಯಾಕೆ ಹೊಂದುತ್ತದೆ, ಯಾವುದು ಯಾಕೆ ಇಲ್ಲ ಅಂತ ಅವರೇ ಹುಡುಕಲಿ.

ಇದರಲ್ಲೂ ಅಪಾಯ ಇಲ್ಲದಿಲ್ಲ. ಮಕ್ಕಳು ಮರುದಿನವೇ ಹೋಲುವ ಪದಗಳ ರಾಶಿ ತರುತ್ತಾರೆ. ಅಂಥ ಜೋಡಿ ಬಂದಾಗ ‘ಇದರ ಹಳೆಯ ರೂಪ ಏನಿತ್ತು?’ ಅಂತ ಮೊದಲು ಕೇಳಿ. ಕನ್ನಡ ಪದವಾದರೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟನ್ನು ತೆರೆಯಿರಿ. ತಮಿಳು, ತೆಲುಗು, ಮಲಯಾಳ, ತುಳುವಿನ ಜೊತೆಪದಗಳನ್ನೂ ಅದರಲ್ಲಿ ಕೊಟ್ಟಿದ್ದಾರೆ. ಇನ್ನೂ ಆಳಕ್ಕೆ ಹೋಗಬೇಕಾದರೆ ಬರೋ ಮತ್ತು ಎಮಿನೋ ಸೇರಿ ಮಾಡಿದ ದ್ರಾವಿಡ ಪದಮೂಲ ನಿಘಂಟು ಇದೆ, ಮೊದಲು 1961ರಲ್ಲಿ ಬಂದದ್ದು. ಚಾರ್ಟ್‌ನಲ್ಲಿ ಸಂಸ್ಕೃತವನ್ನು ಎಲ್ಲಕ್ಕಿಂತ ಮೇಲೆ ಬರೆದು ಕೆಳಗೆ ಬಾಣ ಎಳೆಯಬೇಡಿ, ಲ್ಯಾಟಿನ್, ಗ್ರೀಕ್ ಪಕ್ಕದಲ್ಲೇ ಸಮಕ್ಕೆ ಬರೆಯಿರಿ. ಬೇರೆ ಭಾಷೆಯ ಪದಗಳನ್ನು ಕನ್ನಡ ಲಿಪಿಯಲ್ಲಿ, ಉಚ್ಚಾರಣೆಗೆ ಆದಷ್ಟು ಹತ್ತಿರವಾಗಿ ಬರೆಯಿರಿ. ಇಂಗ್ಲಿಷ್ ಕಾಗುಣಿತ ನೋಡಿಯೇ ನೈಟ್, ಏಯ್ಟ್ ಪ್ರಾಸ ಅಂತ ಅನ್ನಿಸಿದ್ದು. ಕಿವಿಗೆ ಕೇಳಿಸಿದ್ದರೆ ಆ ಸಾಲು ಅಲ್ಲೇ ಬಿದ್ದುಹೋಗುತ್ತಿತ್ತು.